ತಲೆಕೆಳಗಾದ ಮಿಂಚುಳ್ಳಿ

ಮೇಲಕ್ಕೆ ಹಾರುತ್ತಿದೆಯಲ್ಲ ಇದು, ಮೇಲಕ್ಕೆ ಯಾಕೆ ಹಾರುತ್ತಿದೆ, ನೀರಿಗೆ ಧುಮುಕಬೇಕಾದ ಹಕ್ಕಿ ಕೊಕ್ಕನ್ನು ಚಾವಣಿಯತ್ತ ಚಾಚಿಕೊಂಡು, ತಿರುಗುವ ಫ್ಯಾನನ್ನೇ ಮೀನೆಂದು ತಿಳಿದಂತೆ — ಗ್ರಂಥಾಲಯದ ಹಜಾರದ ಬಾಗಿಲಲ್ಲಿ ಛತ್ರಿ ಮಡಚುತ್ತಿದ್ದವಳಿಗೆ ಮೊದಲು ಕಂಡದ್ದು ಅದೇ, ಎದುರು ಗೋಡೆಯ ನಟ್ಟನಡುವೆ ತನ್ನ ಮಿಂಚುಳ್ಳಿ, ತಲೆಕೆಳಗು, ಅಲ್ಲ, ತಲೆ ಮೇಲೆ, ಆದರೆ ಈ ಹಕ್ಕಿಗೆ ತಲೆ ಕೆಳಗಿರುವುದೇ ಸರಿ, ಬಾಲ ಆಕಾಶಕ್ಕೆ, ಕೊಕ್ಕು ನೀರಿಗೆ, ಹಿಂದುಗಡೆ ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬಾಣದ ಗುರುತನ್ನೂ ಹಾಕಿದ್ದಳಲ್ಲ, ಯಾರು ನೋಡುತ್ತಾರೆ. ಇದು ಮೊಳೆ ಮೇಡಂ ಕೆಲಸ. ಪ್ರದರ್ಶನ ನಡೆಸುವ ಹೆಂಗಸು, ಖಾಲಿ ಗೋಡೆ ಕಂಡರೆ ಕೈ ತುರಿಸುತ್ತದೆ ಆಕೆಗೆ, ಹಕ್ಕಿ ಅಂದಮೇಲೆ ಮೇಲಕ್ಕೇ ಹಾರಬೇಕು ಎಂದು ತಾನೇ ತೀರ್ಮಾನಿಸಿ ಎರಡು ಮೊಳೆ ಜಡಿದಿರಬೇಕು. ಇಬ್ಬರು ಕಾಲೇಜು ಹುಡುಗಿಯರು ಮುಂದೆ ನಿಂತು ಎಷ್ಟ್ ಚೆನ್ನಾಗಿ ಹಾರ್ತಿದೆ ನೋಡೇ ಅನ್ನುತ್ತಿದ್ದಾರೆ. ಹಾರಲಿ ಬಿಡಿ, ನಲವತ್ತು ದಿನ ಬೆನ್ನು ಬಗ್ಗಿಸಿ ಮಾಡಿದ್ದು ಹೇಗೆ ಹಾರಿದರೇನು, ಅಂತ ನಗು ಬಂತು, ಸಿಟ್ಟೂ ಬಂತು. ಹಳೆಯ ಕಪಾಟಿನ ಬಾಗಿಲೇ ಹಲಗೆ, ಮುರಿದ ಛತ್ರಿಯ ಕಡ್ಡಿ ತಿಕ್ಕಿ ತಿಕ್ಕಿ ಮಾಡಿದ ಕೊಕ್ಕು, ಕಣ್ಣಿಗೆ ಕೋಟಿನ ಕರಿ ಗುಂಡಿ, ಬೆನ್ನಿಗೆ ಅಂಚು ಹರಿದ ನೀಲಿ ಕಾರ್ಬನ್ ಹಾಳೆ, ಕತ್ತಿನ ಬಿಳಿ ಪಟ್ಟಿಗೆ ಯಜಮಾನರ ಆಫೀಸು ಅಂಗಿಯ ಕಾಲರು, ನಿವೃತ್ತಿಯಾದ ಮೇಲೆ ಅದು ಯಾಕೆ ಬೇಕು ಅಂತ ಅವರೇ ಕತ್ತರಿಸಿ ಕೊಟ್ಟಿದ್ದರು. ಎದೆಗೆ ಮಾತ್ರ ಕೈಬರಹದ ಹಳೆಯ ಕಾಗದದ ಗರಿ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಕಂದು ಮಾಡಿದ್ದು, ಮುನ್ನೂರ ಹದಿನೆಂಟು ಗರಿ, ಬಾಲದ ಕಡೆಯಿಂದ ಒಂದರ ಮೇಲೊಂದು ಅಂಟಿಸುತ್ತಾ ಕತ್ತಿನವರೆಗೆ, ಹೆಂಚು ಹೊದಿಸಿದ ಹಾಗೆ. ಅದರ ಪಕ್ಕ ಆಗಲೇ ಒಂದು ಕೆಂಪು ಚುಕ್ಕೆ. ಮಾರಾಟವಾಗಿದೆ.

ಹೇಳಿ ತೆಗೆಸಿ ಸರಿ ಮಾಡಿಸಬೇಕು, ಇಲ್ಲದಿದ್ದರೆ ಬರಹ ನೇರವಾಗಿಬಿಡುತ್ತದೆ, ಬರಹ ನೇರವಾದರೆ ಜನ ಓದಲು ಶುರುಮಾಡುತ್ತಾರೆ, ಓದಲು ಶುರುಮಾಡಿದರೆ ಹಕ್ಕಿ ಸತ್ತಂತೆ. ಅದು ಅವಳ ಒಂದೇ ಒಂದು ಕಟ್ಟಳೆ. ಅಕ್ಷರ ಗರಿಯ ಗೆರೆಯಾಗಬೇಕೇ ಹೊರತು ಮಾತಾಗಬಾರದು. ಮೊದಮೊದಲು ಗೊತ್ತಿರಲಿಲ್ಲ, ಗುಜರಿಯಿಂದ ತಂದ ಯಾರದೋ ದಿನಚರಿ ಕತ್ತರಿಸಲು ಕೂತು ಒಂದು ಪುಟ ಓದಿಬಿಟ್ಟಳು, ಈ ದಿನ ಮಗುವಿಗೆ ಮೊದಲ ಹಲ್ಲು ಅಂತಿತ್ತು, ಮುಗಿಯಿತು, ಎಂಟು ದಿನ ಕತ್ತರಿ ಮುಟ್ಟಲಿಲ್ಲ. ಆಮೇಲಿಂದ ಯಾವ ಕಾಗದ ಬಂದರೂ ತಲೆಕೆಳಗಾಗಿ ಇಟ್ಟುಕೊಂಡೇ ಕತ್ತರಿಸುವುದು, ತಲೆಕೆಳಗಾಗಿಯೇ ಅಂಟಿಸುವುದು, ಕಣ್ಣಿದ್ದೂ ಓದದಿರುವುದು. ಬಂದವರಿಗೆಲ್ಲ ಯಜಮಾನರು ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು, ನಮ್ಮವಳು ಒಂದಕ್ಷರ ಓದಲ್ಲ ನೋಡಿ, ಬಂಗಾರದ ಪತ್ರ ಕೊಟ್ರೂ ಗರಿ ಮಾಡಿಬಿಡ್ತಾಳೆ. ಬೀದಿಯವರು ಹಕ್ಕಿಯಮ್ಮ ಅಂತ ಕರೆಯಲು ಶುರುಮಾಡಿದಾಗ ಮುಖ ಸಿಂಡರಿಸಿದ್ದವರು, ಮನೆ ತುಂಬ ಕಸ, ಊಟದ ತಟ್ಟೆಯಲ್ಲೂ ಅಂಟು ಎಂದು ಗೊಣಗುತ್ತಿದ್ದವರು, ನಿವೃತ್ತಿಯಾದ ಮೇಲೆ ಬದಲಾಗಿಬಿಟ್ಟರು. ತಾನು ಕುಡಿಯುವ ಟೀಯನ್ನೂ ತಾನು ಮಾಡಿಕೊಳ್ಳದ ಮನುಷ್ಯ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ತುಂಬ ಡಿಕಾಕ್ಷನ್ ಕುದಿಸಿ, ತೋಳು ಮಡಚಿ, ಒಂದೊಂದೇ ಹಾಳೆ ಅದ್ದಿ ತೆಗೆದು ಹಿತ್ತಿಲ ಹಗ್ಗಕ್ಕೆ ಕ್ಲಿಪ್ಪು ಹಾಕುತ್ತಿದ್ದರು. ಇದೇನ್ರೀ ಅಂದದ್ದಕ್ಕೆ ಆಫೀಸಲ್ಲಿ ಹಳೇ ಕಾಗದ ಇತ್ತು, ನಿನಗೆ ಬೇಕಾಗುತ್ತಲ್ಲ ಅಂತ ತಂದೆ, ಎದೆಗೆ ಈ ಬಣ್ಣ ಸಾಕಾ ಇನ್ನೂ ಕಪ್ಪಾಗಬೇಕಾ ಅಂದಿದ್ದರು. ಅವಳ ಕಣ್ಣು ತುಂಬಿತ್ತು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಮೇಲೆ ಈ ಮನುಷ್ಯನಿಗೆ ತನ್ನ ಹಕ್ಕಿ ಕಂಡಿತಲ್ಲ ಎಂದು ಅವತ್ತು ಒಂದು ಚಮಚ ಹೆಚ್ಚೇ ಸಕ್ಕರೆ ಹಾಕಿ ಟೀ ಕೊಟ್ಟಿದ್ದಳು.

ಹುಡುಗಿಯರು ಸರಿದರು, ಜೊತೆಗೆ ಬಂದಿದ್ದ ಯಜಮಾನರು ಬಾಗಿಲ ಪಕ್ಕದ ಟೀ ಮೇಜಿನ ಕಡೆ ಹೋದರು. ಹತ್ತಿರ ಹೋದಳು, ಮೊಳೆ ಗಟ್ಟಿಯಿದೆಯೋ ನೋಡಲು, ಬೇರೇನಕ್ಕೂ ಅಲ್ಲ. ಎದೆಯ ನಡುವಿನ ಒಂದು ಗರಿ, ಎರಡು ಬೆರಳಗಲ, ಅದರ ಮೇಲೆ ಅಕ್ಕಾ, ಇದು ನಾಲ್ಕನೆಯ. ಓದಬಾರದಿತ್ತು, ಓದಿಬಿಟ್ಟಳು, ಕಣ್ಣಿಗೇನು ಗೊತ್ತು ಕಟ್ಟಳೆ. ಅಕ್ಕಾ, ಇದು ನಾಲ್ಕನೆಯ — ಅಲ್ಲಿಗೆ ಕತ್ತರಿ ಹೋಗಿದೆ. ಪಾಪ, ಯಾರ ತಂಗಿಯೋ, ನಾಲ್ಕು ಸಲ ಬರೆದವಳು, ಆಫೀಸಿನ ಫೈಲಿಗೆ ಇಂಥದ್ದು ಹೇಗೆ ಬಂತು, ಯಾವುದೋ ಆಸ್ತಿ ವ್ಯಾಜ್ಯ ಇರಬೇಕು, ಅಕ್ಕತಂಗಿಯರು ಕಚೇರಿ ಹತ್ತಿದರೆ ಹೀಗೇ, ಒಳಮನೆಯ ಕಾಗದವೆಲ್ಲ ಗುಮಾಸ್ತರ ಕೈಗೆ. ಅದರ ಕೆಳಗಿನ ಗರಿಯಲ್ಲಿ ಹಾಗೆ ಅನ್ನಬಾರದಿ. ಎಡಕ್ಕೆ, ನಾಲಿಗೆ ಸುಟ್ಟು. ಪಾಪ ಅಂತ ಇನ್ನೊಂದು ಸಲ ಅಂದುಕೊಂಡಳು, ಎಂಥ ಮಾತು ಆಡಿದ್ದಳೋ ಮಹರಾಯಿತಿ, ಮಾತು ಆಡಿದರೆ ಹೋಯಿತು ಅಂತ ಸುಮ್ಮನೆ ಹೇಳುತ್ತಾರೆಯೇ. ಅಕ್ಷರ ಮಾತ್ರ ಒಳ್ಳೆ ತಮಾಷೆಯಾಗಿದೆ, ಕೊಂಬಿನ ಬಾಲ ಕೆಳಗಿನ ಸಾಲಿನವರೆಗೆ ಇಳಿಬಿದ್ದಿದೆ, ನಿನ್ನ ಅಕ್ಷರದ ಬಾಲ ಪಕ್ಕದ ಮನೆಗೂ ಹೋಗುತ್ತಲ್ಲೇ ಅಂತ ಅಕ್ಕ ಬೈಯುತ್ತಿದ್ದಳು, ಸ್ಲೇಟು ಹಿಡಿದ ದಿನದಿಂದ ಬೈಯುತ್ತಿದ್ದಳು, ಅಕ್ಕ — ಬಾಲ. ಪಕ್ಕದ ಮನೆಗೂ ಹೋಗುವ ಬಾಲ. ಇಲ್ಲ, ಎಷ್ಟು ಜನ ಹಾಗೆ ಬರೆಯುತ್ತಾರೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಬಲಗಡೆಯ ಗರಿಯಲ್ಲಿ ನಿನಗೆ ಮಕ್ಕಳಿ.

ನಿನಗೆ ಮಕ್ಕಳಿಲ್ಲ, ಸಂಸಾರ ಅಂದ್ರೇನು ನಿನಗೇನು ಗೊತ್ತು. ಅಂದವಳು ತಾನೇ. ಅಕ್ಕನ ಮನೆಯ ಊಟದ ಮೇಜಿನಲ್ಲಿ, ಭಾವ ಎದುರಿಗೇ ಕೂತಿದ್ದರು, ಯಜಮಾನರು ಅಡುಗೆಗೆ ಉಪ್ಪಿಲ್ಲ, ಮಾತಿಗೆ ಮಿತಿಯಿಲ್ಲ ಅಂತ ಏನೋ ಕುಹಕ ಆಡಿದ್ದಕ್ಕೆ ಅಕ್ಕ ಥಟ್ಟನೆ, ನೀವು ಊಟಕ್ಕೆ ಬಂದಿದೀರಿ, ಉಪದೇಶಕ್ಕಲ್ಲ, ಅಂದುಬಿಟ್ಟಳು. ಅವರು ಎದ್ದರು, ಕೈ ತೊಳೆಯದೆ ಎದ್ದರು. ಗಂಡ ಎದ್ದಮೇಲೆ ಹೆಂಡತಿ ಏಳಬೇಡವೇ, ಎದ್ದವಳು ಸುಮ್ಮನೆ ಬರಬೇಡವೇ, ಎಲುಬಿಲ್ಲದ ನಾಲಿಗೆ, ಆ ಒಂದು ಮಾತು ಎಸೆದು ಬಂದಳು. ಹೊಲಿಗೆ ಕಲಿಸಿ ತನ್ನನ್ನು ಓದಿಸಿದ ಅಕ್ಕ, ಎರಡು ಮಗು ಹೊಟ್ಟೆಯಲ್ಲೇ ಕಳೆದುಕೊಂಡ ಅಕ್ಕ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ ನಿಂತಿದ್ದಳು. ಇಪ್ಪತ್ತಾರು ವರ್ಷ. ಹನ್ನೊಂದು ಕಾಗದ ಬರೆದಳು ತಾನು ಆಮೇಲೆ. ಮೊದಲನೆಯದು ಮೂರೇ ಸಾಲು, ನಾಲ್ಕನೆಯದು ನಾಲ್ಕು ಪುಟ, ಹನ್ನೊಂದನೆಯದರಲ್ಲಿ ಬೈದುಬಿಟ್ಟಿದ್ದಳು, ಒಂದು ಸಾಲು ಬರೆದರೆ ನಿನ್ನ ಗಂಟೇನು ಹೋಗುತ್ತೆ ಅಂತ. ಎಲ್ಲವನ್ನೂ ಮಡಚಿ, ಅಂಟಿಸಿ, ವಿಳಾಸ ಬರೆದು, ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದ ಯಜಮಾನರ ಕೈಗೆ ಕೊಟ್ಟಳು, ಆಫೀಸಿನ ಎದುರಿಗೇ ಟಪಾಲು ಡಬ್ಬಿ ಇದೆ, ಕೊಡು, ಹಾಕ್ತೀನಿ, ನೀನು ಬಿಸಿಲಲ್ಲಿ ಅಲೀಬೇಡ. ಹಾಕಿದ್ರಾ ಅಂತ ಸಂಜೆ ಕೇಳುತ್ತಿದ್ದಳು. ಹಾಕ್ದೆ. ಟಪಾಲಿನವನ ಸೈಕಲ್ಲಿನ ಗಂಟೆಗೆ ಎರಡು ವರ್ಷ ಬಾಗಿಲಿಗೆ ಓಡಿದಳು. ಅವರೇ ಸಮಾಧಾನ ಮಾಡುತ್ತಿದ್ದರು, ಬಿಡು, ಕಲ್ಲು ಮನಸ್ಸಿನವರಿಗೆ ಎಷ್ಟು ಬರೆದರೇನು. ಅಕ್ಕನದು ಕಲ್ಲು ಮನಸ್ಸು ಅಂತ ತಾನೂ ನಂಬಿದಳು, ನಂಬಿ ನಂಬಿ ತನ್ನದನ್ನೂ ಕಲ್ಲು ಮಾಡಿಕೊಂಡಳು. ಮನೆಗೆ ಫೋನು ಬಂದ ಮೇಲೂ, ಹನ್ನೊಂದು ಕಾಗದಕ್ಕೆ ಉತ್ತರ ಕೊಡದವಳು ಫೋನು ಎತ್ತುತ್ತಾಳೆಯೇ ಅಂದುಕೊಂಡಳು. ಹೋದ ತಿಂಗಳು ಅಕ್ಕನ ಪಕ್ಕದ ಮನೆಯಾಕೆ ಎಲ್ಲಿಂದಲೋ ನಂಬರು ಹುಡುಕಿ ಫೋನು ಮಾಡಿದ್ದಳು, ನಿಮ್ಮಕ್ಕಂಗೆ ಕಣ್ಣು ಪೂರ್ತಿ ಮಂಜಾಗಿದೆ, ಭಾವನೂ ಇಲ್ಲ ಈಗ, ಒಂದ್ಸಲ ಬಂದು ಹೋಗ್ರೀ. ಹಕ್ಕಿ ಮುಗಿಸಬೇಕಿತ್ತು. ಪ್ರದರ್ಶನ ಇದೆ, ಆಮೇಲೆ ನೋಡ್ತೀನಿ, ಅಂದಳು. ಈ ಎದೆಗೆ ಗರಿ ಅಂಟಿಸುತ್ತಲೇ ಅಂದಳು, ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಬೆರಳಲ್ಲಿ ಅಂಟು.

ಯಾವ ಗರಿ ಅಂಟಿಸುತ್ತಿದ್ದಳು ಆಗ, ಇದೋ, ಅದೋ, ನಾಲಿಗೆ ಸುಟ್ಟು ಎಂದಿರುವುದೋ. ತನ್ನ ಕೈಯಾರೆ. ಹನ್ನೊಂದನ್ನೂ ಕತ್ತರಿಸಿದ್ದು ತಾನೇ, ಹತ್ತು ಹಾಳೆ ಒಟ್ಟಿಗೆ ಹಿಡಿದು, ರೇಡಿಯೊ ಕೇಳುತ್ತಾ. ಡಬ್ಬಿಗೆ ಹಾಕದೆ ಆಫೀಸಿನ ಬೀರುವಿನಲ್ಲಿ ಇಷ್ಟೂ ವರ್ಷ ಇಟ್ಟುಕೊಂಡಿದ್ದರು, ನಿವೃತ್ತಿಯಾದಾಗ ಬೀರು ಖಾಲಿ ಮಾಡಬೇಕಾಯಿತು, ಲಕೋಟೆ ಕಿತ್ತು ಹಾಕಿ ಒಳಗಿನ ಹಾಳೆ ಮಾತ್ರ ತಂದರು, ಸುಡಬಹುದಿತ್ತು, ಹೊಳೆಗೆ ಹಾಕಬಹುದಿತ್ತು, ಯಾಕೆ ಮಾಡಲಿಲ್ಲ, ಸುಟ್ಟರೆ ಪಾಪ ಬರುತ್ತದೆಯೆಂದೇ, ಹಾವೂ ಸಾಯಬೇಕು ಕೋಲೂ ಮುರಿಯಬಾರದು, ಓದದೆ ಕತ್ತರಿಸುವವಳು ಮನೆಯಲ್ಲೇ ಇದ್ದಾಳೆ, ಅವಳ ಕತ್ತರಿಗೇ ಕೊಟ್ಟರಾಯಿತು. ಡಿಕಾಕ್ಷನ್. ತೋಳು ಮಡಚಿ ಅದ್ದಿದ್ದು ಬಣ್ಣಕ್ಕಲ್ಲ. ಅವಳ ಆ ಕಾಲದ ನೀಲಿ ಶಾಯಿ ಕಂದಾಗಲಿ ಅಂತ, ಗುರುತು ಸಿಗದಿರಲಿ ಅಂತ, ಇನ್ನೂ ಕಪ್ಪಾಗಬೇಕಾ ಎಂದು ಅವಳನ್ನೇ ಕೇಳಿದ್ದರು. ಕೇಳಿದ್ದ. ಅವನು. ಮೂವತ್ತೆಂಟು ವರ್ಷದಲ್ಲಿ ಮನಸ್ಸಿನೊಳಗೂ ಅವನು ಅಂದವಳಲ್ಲ, ಈಗ ಬಾಯಿಗೆ ಬಂದದ್ದು ಅದೇ, ಅದರಿಂದ ಹೆದರಿಕೆಯೂ ಆಯಿತು, ಗೋಡೆಗೆ ಅಂಗೈ ಕೊಟ್ಟು ನಿಂತಳು. ಅದಕ್ಕೆ ಸಕ್ಕರೆ ಹಾಕಿ ಟೀ ಕೊಟ್ಟೆಯಲ್ಲೇ ಪೆದ್ದಿ. ಅಲ್ಲಿ ಅಕ್ಕ ಇಪ್ಪತ್ತಾರು ವರ್ಷದಿಂದ ಆ ಒಂದು ಮಾತಿನ ಜೊತೆ ಕೂತಿದ್ದಾಳೆ, ತಂಗಿ ಅಂದಳು, ಅಂದವಳು ತಿರುಗಿ ನೋಡಲಿಲ್ಲ, ಇಷ್ಟೇ ಅಕ್ಕನಿಗೆ ಗೊತ್ತಿರುವುದು. ಈಗ ಹೋಗಿ ಬರೆದಿದ್ದೆ ಅಕ್ಕಾ ಎಂದರೆ ಎಲ್ಲಿ ಎನ್ನುತ್ತಾಳೆ. ಏನು ತೋರಿಸುವುದು, ಮಂಜುಗಣ್ಣಿನವಳಿಗೆ ಒಂದು ಮಿಂಚುಳ್ಳಿಯನ್ನೇ.

ಅಯ್ಯಯ್ಯೋ ಹಕ್ಕಿಯಮ್ಮಾ, ತಲೆಕೆಳಗಾಗಿ ಹಾಕಿಬಿಟ್ಟಿದೀನಂತೆ, ಈಗ ಯಾರೋ ಹೇಳಿದ್ರು, ಒಂದೇ ನಿಮಿಷ, ಸರಿ ಮಾಡಿಬಿಡ್ತೀನಿ, ತಗೊಂಡವರು ಐದು ಗಂಟೆಗೆ ಬರ್ತಾರೆ — ಮೊಳೆ ಮೇಡಂ ಸ್ಟೂಲು ಎಳೆದು ಹತ್ತಿ ಹಲಗೆಯ ಎರಡೂ ಅಂಚು ಹಿಡಿದಳು, ಹಕ್ಕಿ ಗೋಡೆಯಿಂದ ಎದ್ದಿತು, ಅಡ್ಡವಾಯಿತು, ಅಕ್ಕಾ ಎನ್ನುವುದೂ ಅಡ್ಡವಾಯಿತು, ಇನ್ನು ಕಾಲು ಸುತ್ತು, ಆಮೇಲೆ ಬರೀ ಗೆರೆ, ಬರೀ ಗರಿ. ಬೇಡ. ತನ್ನ ದನಿಯೇ ಅದು, ಹಜಾರವೆಲ್ಲ ತಿರುಗಿ ನೋಡಿತು. ತಿರುಗಿಸಬೇಡಿ, ಕೊಡಿ ಇಲ್ಲಿ, ಮಾರೋದಿಲ್ಲ, ಕೊಡಿ. ಮೇಡಂ ಬೆಪ್ಪಾಗಿ ಕೊಟ್ಟಳು, ಭಾರ, ಕಪಾಟಿನ ಬಾಗಿಲಿನ ಭಾರ, ಎದೆಗೊತ್ತಿ ಹಿಡಿದಳು. ಯಜಮಾನರು ಎರಡು ಟೀ ಕಪ್ಪು ಹಿಡಿದುಕೊಂಡು ಬಂದರು, ಬಾಗಿಲ ಪಕ್ಕದ ಮೇಜಿನಿಂದ, ನಗುತ್ತಾ, ಏನಾಯ್ತೇ, ಯಾಕೆ ಹಾಗೆ ಕೂಗಿದೆ, ತಗೋ ಬಿಸಿಯಾಗಿದೆ. ಅವಳು ಹಕ್ಕಿಯನ್ನು ಅವರತ್ತ ತಿರುಗಿಸಿದಳು, ತಲೆ ಮೇಲೆ, ಬರಹ ನೇರ. ರೀ, ಇದನ್ನ ಡಬ್ಬಿಗೆ ಹಾಕಿದ್ರಾ. ನಗು ಇನ್ನೂ ಮುಖದ ಮೇಲೇ ಇತ್ತು, ಕಣ್ಣು ಮಾತ್ರ ಗರಿಯಿಂದ ಗರಿಗೆ ಇಳಿಯಿತು, ಒಂದು ಕಪ್ಪು ವಾಲಿ ಟೀ ಬೆರಳ ಮೇಲೆ ಚೆಲ್ಲಿತು, ಅವರಿಗೆ ಗೊತ್ತಾಗಲಿಲ್ಲ. ಇಲ್ಲ ಎನ್ನುತ್ತಾರೆ, ಯಾವುದದು ಎನ್ನುತ್ತಾರೆ, ಮರೆತಿದ್ದೆ ಎನ್ನುತ್ತಾರೆ, ಅದನ್ನೇ ಅನ್ನಲಿ, ದೇವರೇ, ಮರೆತಿದ್ದೆ ಅಂತಲಾದರೂ ಅನ್ನಲಿ. ನೀನು ಓದಲ್ಲ ಅಂದ್ಕೊಂಡಿದ್ದೆ, ಅಂದರು.

ನೀನು ಓದಲ್ಲ. ಬಸ್ಸು ಎಷ್ಟು ಹೊತ್ತಿಗಿದೆ, ಸಂಜೆಯೊಳಗೆ ಒಂದಿರಬೇಕು, ಆರು ಗಂಟೆ ದಾರಿ, ಬಾಗಿಲು ತಟ್ಟಿದರೆ ಅಕ್ಕ ಯಾರು ಅನ್ನುತ್ತಾಳೆ, ಕಾಣುವುದಿಲ್ಲವಲ್ಲ, ಯಾರು ಅನ್ನುತ್ತಾಳೆ, ನಾನು ಅನ್ನಬೇಕು, ನಾನು ಅಂದಮೇಲೆ, ಏನನ್ನಬೇಕು, ನಾಲ್ಕು ಪುಟ ಬರೆದಿದ್ದೆಯಲ್ಲ, ಅದನ್ನೇ ಹೇಳು, ಏನು ಬರೆದಿದ್ದೆ, ಅಕ್ಕಾ ಅಂತ ಶುರುಮಾಡಿ, ಇದು ನಾಲ್ಕನೆಯ ಕಾಗದ, ಆಮೇಲೆ, ಆಮೇಲೆ ಏನು, ಬರೆದವಳು ನೀನೇ, ನೆನಪು ಮಾಡಿಕೋ, ಟೀ ಆರಿಹೋಗುತ್ತೆ ಅನ್ನುತ್ತಿದ್ದಾರೆ ಯಾರೋ, ಅಕ್ಕಾ, ಇದು ನಾಲ್ಕನೆಯ, ಮೇಡಂ ಕುರ್ಚಿ ತರುತ್ತಿದ್ದಾಳೆ, ಕೂತ್ಕೊಳ್ಳಿ, ಅಕ್ಕಾ, ಇದು ನಾಲ್ಕನೆಯ, ಎರಡು ಬೆರಳಗಲದ ಕಂದು ಗರಿ, ಅದರ ಮೇಲೆ ಅಕ್ಕಾ, ಇದು ನಾಲ್ಕನೆಯ, ಅಕ್ಕಾ, ಇದು