ನೋಡೋಕೆ ಮಾತ್ರ

ತಾಂಡ್ಯದ ಆ ಮಸಾಲೆಪುಡಿ ಕಾರ್ಖಾನೆಯಲ್ಲಿ ಚಿಕ್ಕಸ್ವಾಮಿಯವರ ಒಪ್ಪಿಗೆಯಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಹೆಸರಿಗೆ ಅವರು ಸ್ಟೋರ್ ಇನ್‌ಚಾರ್ಜ್. ಆದರೆ ಮೆಣಸಿನಕಾಯಿ ಲಾರಿಗೆ ಗೇಟ್ ಪಾಸ್ ಬೇಕಾದರೂ ಅವರೇ, ಪ್ಯಾಕಿಂಗ್ ಹೆಂಗಸರಿಗೆ ರಜೆ ಬೇಕಾದರೂ ಅವರೇ, ಯಂತ್ರದ ಬೆಲ್ಟ್ ಹರಿದರೆ ಹೊಸದು ತರಿಸಲಿಕ್ಕೂ ಅವರೇ. ಊಟಕ್ಕೆ ಕೂತರೆ ಬಲಗೈಯಲ್ಲಿ ಮುದ್ದೆ, ಎಡಗೈಯಲ್ಲಿ ಫೋನು. ಮಗಳ ಧಾರೆಯ ಹೊತ್ತಿನಲ್ಲೂ ಫೋನಿನಲ್ಲೇ ಒಂದು ಲಾರಿ ಬಿಡಿಸಿದ್ದರೆಂದು ಎಲ್ಲರೂ ಹೇಳುತ್ತಿದ್ದರು. ಅವರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ರೋಜಾ ಡಿಪ್ಲೊಮಾ ಮುಗಿಸಿ ಆಫೀಸಿಗೆ ಸೇರಿದಾಗ ಕೈಹಿಡಿದು ನಡೆಸಿದವರೂ ಅವರೇ. ಸುತ್ತೂರು ಕಡೆಯ ಮೆತ್ತನೆ ಮಾತಿನ ಹುಡುಗಿ. ಲಾರಿ ಡ್ರೈವರ್‌ಗಳ ಹತ್ತಿರ ಹೇಗೆ ಗಟ್ಟಿಯಾಗಿ ಮಾತಾಡಬೇಕು, ಯಜಮಾನರ ಮುಂದೆ ಯಾವ ಹೊತ್ತಿನಲ್ಲಿ ಬಾಯಿ ಬಿಡಬೇಕು, ಎಲ್ಲ ಹೇಳಿಕೊಟ್ಟಿದ್ದರು. ಮನೆಯಿಂದ ಹಿತಕಿದ ಅವರೆಯ ಸಾರು ಬಂದ ದಿನ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಅವಳ ಮೇಜಿಗೆ ತಳ್ಳುತ್ತಿದ್ದರು.

ಈ ವರ್ಷ ಯಜಮಾನ ರವಿಚಂದ್ರ ಹೊಸ ಸಾಫ್ಟ್‌ವೇರ್ ತರಿಸಿದರು. ಇನ್ನು ಚೀಟಿ, ಸಹಿ ಯಾವುದೂ ಇಲ್ಲ. ಪ್ರತಿ ಕೆಲಸವೂ ಕಂಪ್ಯೂಟರಿನಲ್ಲೇ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕು. ಯಾರು ಕೇಳಬಹುದು, ಯಾರು ಒಪ್ಪಬಹುದು, ಯಾರು ಬರೀ ನೋಡಬಹುದು ಎಂಬುದನ್ನು ಅವರವರ ಕೆಲಸಕ್ಕೆ ತಕ್ಕಂತೆ ಹಂಚಬೇಕು. ಹಂಚುವ ಹೊಣೆ ರೋಜಾಳ ತಲೆಗೆ ಬಂತು.

"ಚಿಕ್ಕಸ್ವಾಮಿ ಮೇಲೆ ನನಗೇನೂ ಅನುಮಾನ ಇಲ್ಲಮ್ಮ," ಎಂದರು ರವಿಚಂದ್ರ. "ಆದ್ರೆ ಎಲ್ಲಾನೂ ಒಬ್ಬರ ಕೈಲಿರಬಾರದು. ಅವರಿಗೆ ಜ್ವರ ಬಂದ್ರೆ ಕಾರ್ಖಾನೆಗೇ ಜ್ವರ ಬರುತ್ತೆ. ಸ್ಟೋರ್ ಒಂದು ಅವರಿಗಿರಲಿ."

ರೋಜಾ ಹಾಗೆಯೇ ಮಾಡಿದಳು. ಗೇಟ್ ಪಾಸು ಸೂಪರ್‌ವೈಸರ್ ಮಾದೇಶನಿಗೆ ಹೋಯಿತು, ರಜೆ ಆಫೀಸಿನ ಪಲ್ಲವಿ ಮೇಡಂಗೆ. ಚಿಕ್ಕಸ್ವಾಮಿಯವರಿಗೆ ಮುಂಚೆಯೇ ಹೇಳಬೇಕೆಂದು ಅವರ ಮೇಜಿನ ತನಕ ಹೋದವಳು, ಅವರು ನಕ್ಕು "ಏನವ್ವಾ?" ಎಂದಾಗ ಏನೂ ಇಲ್ಲವೆಂದು ವಾಪಸ್ ಬಂದಿದ್ದಳು.

ಸೋಮವಾರ ಬೆಳಿಗ್ಗೆ ಅವರೇ ಕೂಗಿದರು. "ರೋಜವ್ವಾ, ರಜಾ ಕೊಡೋ ಬಟನ್ನೇ ಕಾಣ್ತಾ ಇಲ್ವಲ್ಲ. ನೆಟ್ಟು ಓಗದಾ?"

"ಇಲ್ಲ ಸಾ. ರಜಾ ಇನ್ನು ಪಲ್ಲವಿ ಮೇಡಂಗೆ ಓಗ್ತದೆ. ಗೇಟ್ ಪಾಸು ಮಾದೇಶಣ್ಣಂಗೆ."

ಅವರು ಕನ್ನಡಕ ತೆಗೆದರು. "ನೀನೇ ತಗ್ದದ್ದಾ?"

"ಊಂ ಸಾ. ಯಜಮಾನ್ರು ಏಳುದ್ರು."

"ಆಯ್ತು ಬುಡು," ಎಂದಷ್ಟೇ ಅಂದರು.

ಆಮೇಲೆ ಆ ವಾರವೆಲ್ಲ ಮಾತಿಲ್ಲ. ರೂಢಿಯಂತೆ ರಜೆ ಕೇಳಲು ಬಂದ ಹೆಂಗಸರಿಗೆ, "ನನ್ ಕೈಲಿ ಏನೂ ಇಲ್ಲ ಕಣ್ರವ್ವಾ, ಅಲ್ಲೋಗಿ," ಎಂದು ಗಲ್ಲ ಎತ್ತಿ ಆಫೀಸಿನ ಕಡೆ ತೋರಿಸುತ್ತಿದ್ದರು. ಸಾರಿನ ಮುಚ್ಚಳ ಬರಲಿಲ್ಲ. ಸಂಜೆ ಪಾಳಿ ಮುಗಿದದ್ದೇ ಚೀಲ ಹೆಗಲಿಗೇರಿಸಿ ನರಸೀಪುರದ ಬಸ್ಸು ಹತ್ತಿಬಿಡುತ್ತಿದ್ದರು. ಶನಿವಾರ ರೋಜಾ ರವಿಚಂದ್ರರ ಮುಂದೆ ನಿಂತು, ಪ್ಯಾಕಿಂಗ್‌ನವರ ರಜೆಯನ್ನಾದರೂ ಅವರಿಗೆ ಬಿಡಿ ಎಂದು ಕೇಳಿದಳು. ಅವರು ಅವಳ ಮುಖ ನೋಡಿ, "ಸರಿ, ಅದೊಂದು ಕೊಡು," ಎಂದರು.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಭಾನುವಾರ ತಾನೇ ನರಸೀಪುರಕ್ಕೆ ಹೋದಳು. ಬಾಗಿಲು ತೆರೆದವರು ಚಿಕ್ಕಸ್ವಾಮಿಯವರ ಹೆಂಡತಿ ಸಾಕಮ್ಮ. ಹೆಸರು ಕೇಳಿದ್ದೇ ಸೊಂಟಕ್ಕೆ ಕೈಯಿಟ್ಟು ನಿಂತರು.

"ನಮ್ಮನೇರ ಬಟನ್ನ ಕಿತ್ತಾಕದವಳು ನೀನೇನಾ?"

ರೋಜಾ ಹೊಸಿಲಿನ ಆಚೆಯೇ ನಿಂತು ತಲೆ ತಗ್ಗಿಸಿದಳು. "ನಾನೇ ಅಮ್ಮಾ. ಅದ್ಕೇ ವಾಪಸ್ ಕೊಡವಾ ಅಂತ..."

"ಸುಮ್ಕಿರು ಕೂಸೆ!" ಸಾಕಮ್ಮ ಅವಳ ಕೈಹಿಡಿದು ಒಳಗೆಳೆದು ನೇರ ಅಡುಗೆಮನೆಗೇ ಕರೆದುಕೊಂಡು ಹೋದರು. "ಮದ್ವೆ ಆದಾಗ್ನಿಂದ ಈ ಮನ್ಸ ಬಿಸಿ ಮುದ್ದೆ ಉಂಡದ್ದ ನಾ ಕಾಣೆ. ಈ ವಾರ ದಿನಾ ವತ್ತಿಗೆ ಬತ್ತಾರೆ, ಬಿಸಿಬಿಸಿ ಉಣ್ತಾರೆ. ನೆನ್ನೆ ನನ್ನ ಸಂಗಮದ ತಾವ್ಕೆ ಕರ್ಕ ಓದ್ರು. ಒಳೆ ನೋಡ್ಕಂಡು ಇಬ್ರೂ ಕಳ್ಳೆಪುರಿ ತಿಂದೊ. ಒಂದ್ ಫೋನು ಬರ್ನಿಲ್ಲ. ಈಗ ವಾಪಸ್ ಕೊಟ್ಟೀಯೆ, ನೋಡ್ಕ!"

ಒಳಕೋಣೆಯಲ್ಲಿ ಮಲಗಿದ್ದ ಚಿಕ್ಕಸ್ವಾಮಿ ಪಂಚೆ ಬಿಗಿದುಕೊಳ್ಳುತ್ತ ಎದ್ದು ಬಂದರು. ರೋಜಾ ತಡವರಿಸುತ್ತಲೇ ಎಲ್ಲ ಹೇಳಿದಳು. ಅವರು ಹೆಂಡತಿಯತ್ತ ನೋಡಿದರು. ಸಾಕಮ್ಮ ಕುದಿಯದ ಸಾರನ್ನು ಸುಮ್ಮನೆ ತಿರುವುತ್ತಿದ್ದರು.

"ಬ್ಯಾಡ ಬುಡವ್ವಾ," ಎಂದರು ಕೊನೆಗೆ. "ಪಲ್ಲವಿ ಮೇಡಮ್ಮೇ ನೋಡ್ಕಳ್ಳಿ. ನಂಗೆ ಕ್ವಾಪ ಬಂದದ್ದು ಬಟನ್ ಓಯ್ತು ಅಂತ ಅಲ್ಲ. ನೀನು ಒಂದ್ ಮಾತ ಮೊದ್ಲೇ ಏಳ್ಬೋದಿತ್ತಲ್ವಾ?"

"ಏಳವಾ ಅಂತ್ಲೇ ಬಂದಿದ್ದೆ ಸಾ. ನಿಮ್ ಮಕ ನೋಡ್ದೇಟ್ಗೆ ಬಾಯೇ ಬರ್ನಿಲ್ಲ."

ಅವರ ಮುಖ ಸಡಿಲವಾಯಿತು. ಗೋಡೆಗೊರಗಿ ಕೂತರು. "ಆದ್ರೂ ಒಂದಾಸೆ ಕಣವ್ವಾ. ಪ್ಯಾಕಿಂಗ್ ಮಂಚಮ್ಮನ ಅತ್ತೆ ತೀರ್ಕಂಡದ್ದು ಮಣ್ಣಾಗಿ ಮೂರ್ ದಿನ ಆದ್ಮೇಲೆ ಗೊತ್ತಾಯ್ತು ನಂಗೆ. ಮುಂಚೆ ಆದ್ರೆ ನನ್ ತಾವ್ಕೇ ಮೊದ್ಲು ಬರೋಳು. ರಜಾ ಕೊಡದು ಬ್ಯಾಡ. ಯಾರ್ ರಜಾ ಕೇಳವ್ರೆ ಅಂತ ನೋಡಕೆ ಮಾತ್ರ ಕೊಡಕಾದ್ದಾ?"

ಹೂಂ ಎನ್ನಲು ಬಾಯಿ ತೆರೆದ ರೋಜಾ ತಡೆದುಕೊಂಡಳು. ಹೆಂಗಸರು ಪಲ್ಲವಿ ಮೇಡಂಗೆಂದು ಬರೆದ ಕಾರಣಗಳನ್ನು ಅವಳು ಕಂಡಿದ್ದಳು. ಗರ್ಭಕೋಶದ ಆಪರೇಷನ್ನು, ಗಂಡನ ಹೊಡೆತ. ಗಂಡಸರ ಮುಂದೆ ಆಡದ ಮಾತುಗಳು.

"ಅವ್ರ ಎಸ್ರು, ದಿನ ಕಾಣೋ ಅಂಗೆ ಮಾಡ್ತೀನಿ ಸಾ. ಯಾಕೆ ಅಂತ ಕಾಣಲ್ಲ. ಎಂಗಸ್ರು ಡಾಕ್ಟ್ರು ಇಸ್ಯ ಎಲ್ಲ ಬರ್ದಿರ್ತಾರೆ."

ಈ ಸಲ ಅವಳು ತಡವರಿಸಲಿಲ್ಲ. ಚಿಕ್ಕಸ್ವಾಮಿ ಕಿವಿಯ ಹಿಂದೆ ಕೆರೆದುಕೊಂಡರು. "ಅದೂ ನ್ಯಾಯವೇ. ನನ್ ತಾವು ಎಲ್ರೂ ಒಟ್ಟೆನೋವು ಅಂತ್ಲೇ ಏಳೋರು."

"ಅಷ್ಟೊಂದ್ ಒಟ್ಟೆನೋವು ಯಾಕ್ ಬತ್ತದೆ ಅಂತ ಒಂದಿನನೂ ಯೋಚ್ನೆ ಮಾಡ್ನಿಲ್ವಾ?" ಎಂದು ಸಾಕಮ್ಮ ನಕ್ಕರು. ರೋಜಾಳಿಗೂ ನಗು ತಡೆಯಲಾಗಲಿಲ್ಲ. ಆವತ್ತು ಉಣ್ಣಿಸದೆ ಅವಳನ್ನು ಸಾಕಮ್ಮ ಬಿಡಲಿಲ್ಲ.

ಸೋಮವಾರ ಚಿಕ್ಕಸ್ವಾಮಿಯವರ ಪರದೆಯ ಮೇಲೆ ಹೆಸರುಗಳು ಕಂಡವು, ಪಕ್ಕದಲ್ಲಿ ದಿನಾಂಕ. ಒತ್ತಲು ಏನೂ ಇರಲಿಲ್ಲ. ನಿಧಾನ ಓದಿ, ಎದ್ದು ಪ್ಯಾಕಿಂಗ್ ಕಡೆ ನಡೆದರು. ರಜೆ ಮುಗಿಸಿ ಬಂದಿದ್ದ ಮಂಚಮ್ಮ ಪೊಟ್ಟಣಗಳನ್ನು ತೂಗುತ್ತಿದ್ದಳು. ಯಂತ್ರದ ಸದ್ದಿನಲ್ಲಿ ಅವರೇನು ಕೇಳಿದರೋ ಗಾಜಿನಾಚೆ ಕೂತ ರೋಜಾಳಿಗೆ ಕೇಳಿಸಲಿಲ್ಲ. ಮಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮಾತು ಶುರುಮಾಡಿದಳು. ಅವರು ಬಗ್ಗಿ ಕಿವಿಗೊಟ್ಟು, ಅವಳು ಹೇಳಿ ಮುಗಿಸುವ ತನಕ ಅಲ್ಲೇ ನಿಂತಿದ್ದರು.