ಒಂದು ಗಂಟೆ ಐವತ್ತು ನಿಮಿಷ

ನಮ್ಮಣ್ಣನ ಕೆಲಸ ವಿಮಾನಗಳಿಗೆ ದಾರಿ ಹಾಕಿಕೊಡುವುದು. ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ದೂರ, ಗಾಳಿ ಯಾವ ಕಡೆಗೆ, ಇಂಧನ ಎಷ್ಟು ಬೇಕು, ಎಲ್ಲ ಅವನಿಗೆ ಬಾಯಿಪಾಠ. ಹನ್ನೊಂದು ವರ್ಷದ ಹಿಂದೆ ಊರು ಬಿಡುವಾಗ ಅಮ್ಮ ಅತ್ತರೆ, ಮಹಾರಾಯ ಅದಕ್ಕೂ ಲೆಕ್ಕ ಒಪ್ಪಿಸಿದ.

"ಸಾವಿರದ ನೂರ ಎಂಬತ್ತು ಕಿಲೋಮೀಟರ್, ಅಷ್ಟೇ ಕಣಮ್ಮ. ಒಂದು ಗಂಟೆ ಐವತ್ತು ನಿಮಿಷ. ನೀನು ಕರೆದರೆ ಸಾಕು, ಬಂದುಬಿಡ್ತೀನಿ."

ಅಮ್ಮನಿಗೆ ಅದೇ ಜಪವಾಯಿತು. ಪಕ್ಕದ ಮನೆಯವರಿಗೆ, ಹಾಲಿನವನಿಗೆ, ಕೊನೆಗೆ ಕರೆಂಟ್ ಬಿಲ್ಲಿನವನಿಗೂ ಹೇಳಿದ್ದಳು. ಅವಳು ಹಾಸಿಗೆ ಹಿಡಿದ ಮೇಲೆ ನಾನು ಹೊಲಿಗೆ ಅಂಗಡಿಯಿಂದ ದಿನಕ್ಕೆ ಮೂರು ಸಲ ಮನೆಗೆ ಓಡಿ ಬಂದು, ಮಾತ್ರೆ ಕೊಟ್ಟು, ಹಾಸಿಗೆ ಬದಲಿಸಿ, ಮತ್ತೆ ಓಡುತ್ತಿದ್ದೆ. ಆ ದೂರವನ್ನು ಯಾರೂ ಅಳೆಯಲಿಲ್ಲ.

ಅಣ್ಣನ ಲೆಕ್ಕ ಶುರುವಾಗುವುದು ವಿಮಾನದ ಚಕ್ರ ನೆಲ ಬಿಟ್ಟಾಗ, ಮುಗಿಯುವುದು ನೆಲ ಮುಟ್ಟಿದಾಗ. ಮನೆಯಿಂದ ನಿಲ್ದಾಣಕ್ಕೆ ಬರುವುದು, ತಪಾಸಣೆಯ ಸಾಲು, ಕಾಯುವುದು, ಇಳಿದ ಮೇಲಿನ ಟ್ಯಾಕ್ಸಿ, ಯಾವುದೂ ಅದರಲ್ಲಿಲ್ಲ. ಇಷ್ಟು ವರ್ಷದಲ್ಲಿ ಅವನು ಬಂದಿದ್ದೇ ಎರಡು ಸಲ. ಎರಡು ಸಲವೂ "ಏಳು ಗಂಟೆ ಹಿಡೀತು, ಸಾಕಪ್ಪಾ ಸಾಕು" ಎಂದು ಗೊಣಗಿದ್ದು ನನ್ನ ಹತ್ತಿರ. ಅಮ್ಮನಿಗೆ ಹೇಳಿರಲಿಲ್ಲ.

ಅವತ್ತು ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಡಾಕ್ಟರು, ಕರೆಸುವವರಿದ್ದರೆ ಕರೆಸಿಬಿಡಿ ಎಂದರು. ಫೋನ್ ಮಾಡಿದೆ. "ಈಗಲೇ ಹೊರಟೆ" ಎಂದ. ಸ್ಪೀಕರ್ ಹಾಕಿದ್ದೆ, ಅಮ್ಮನ ಕಿವಿಗೂ ಬಿತ್ತು. ಅವಳು ಗೋಡೆಯ ಗಡಿಯಾರ ನೋಡಿದಳು.

"ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬರ್ತಾನೆ. ತಲೆ ಬಾಚೇ. ಹಲ್ಲಿನ ಸೆಟ್ಟು ಹಾಕು, ಬೊಚ್ಚುಬಾಯಿ ನೋಡಿದ್ರೆ ಹೆದರ್ತಾನೆ."

ನರ್ಸ್ ಬೈದರೂ ಹಾಕಿದೆ. ಒಂಬತ್ತು ಐವತ್ತಕ್ಕೆ ಅಮ್ಮ ಬಾಗಿಲ ಕಡೆ ತಿರುಗಿದಳು. ಹತ್ತಾಯಿತು. ಹತ್ತೂವರೆಯಾಯಿತು. ಕಾರಿಡಾರಿನಲ್ಲಿ ಯಾರದೇ ಚಪ್ಪಲಿ ಸದ್ದಾದರೂ ಕತ್ತು ಎತ್ತುತ್ತಿದ್ದಳು.

"ಏನೇ, ಇನ್ನೂ ಬರಲಿಲ್ವಲ್ಲ?"

ದಾರಿಯಲ್ಲಿದ್ದಾನೆ, ಬರುವಾಗ ಮಧ್ಯಾಹ್ನ ಮೂರು ಗಂಟೆಯಾಗುತ್ತೆ ಎನ್ನಬಹುದಿತ್ತು. ಆದರೆ ಹನ್ನೊಂದು ವರ್ಷದ ಹೊಟ್ಟೆಯುರಿ ಬಾಯಿಗೆ ಬಂತು. "ಟೈಮು ಹೇಳಿದ್ದು ನಿನ್ನ ಮಗ. ನನ್ನನ್ನೇನು ಕೇಳ್ತೀಯ?"

ಅಮ್ಮ ತಾನೇ ಹಲ್ಲಿನ ಸೆಟ್ಟು ತೆಗೆದು ನನ್ನ ಕೈಗೆ ಕೊಟ್ಟಳು. "ಬಿಡು, ಅವನಿಗೆ ಕೆಲಸ ಇರುತ್ತೆ" ಎಂದು ಗೋಡೆ ಕಡೆ ಮಗ್ಗುಲಾದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಎಂಥ ಪಾಪಿ ನಾನು! ಸ್ವಲ್ಪ ಹೊತ್ತು ಬೇಜಾರಾಗಿರಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಹನ್ನೆರಡು ಹತ್ತಕ್ಕೆ ಉಸಿರು ನಿಂತಿತು. ಅಣ್ಣ ಆಗ ಆಕಾಶದಲ್ಲಿದ್ದ.

ಮೂರು ಗಂಟೆಗೆ ಬಂದ. ಕೈಯಲ್ಲಿ ಒಂದು ಚೀಲವೂ ಇಲ್ಲ, ಕಾಲಲ್ಲಿ ಮನೆಯ ಹವಾಯಿ ಚಪ್ಪಲಿ. ಅಮ್ಮನ ಮುಖ ನೋಡಿ ನೆಲದ ಮೇಲೇ ಕುಸಿದು ಕೂತ.

"ನಾನು ಬರ್ತಿದ್ದೀನಿ ಅಂತ ಅವಳಿಗೆ ಗೊತ್ತಿತ್ತಲ್ವೇನೇ?"

"ಗೊತ್ತಿತ್ತಣ್ಣ. ನಾನೇ ಹೇಳ್ತಾ ಇದ್ದೆ."

ಅವನು ನಂಬಿದ. ನನ್ನ ಕೈ ಹಿಡಿದು, ನೀನಿದ್ದೆಯಲ್ಲ ಪುಣ್ಯಕ್ಕೆ ಎಂದು ಅತ್ತ. ಹಲ್ಲಿನ ಸೆಟ್ಟು ನನ್ನ ಇನ್ನೊಂದು ಕೈಯ ಮುಷ್ಟಿಯಲ್ಲೇ ಇತ್ತು. ಅದನ್ನು ತೊಳೆದಿಡಲು ನನಗೆ ಇನ್ನೂ ಧೈರ್ಯ ಬಂದಿರಲಿಲ್ಲ.