ಗಂಗಾಶ್ರೀಯ ಕೈ ಎಲ್ಲಿ ಪಳಗಬೇಕು?

ಬಳ್ಳಿಗಾವಿಯ ಶಿವಮೂರ್ತಪ್ಪನ ಮನೆಯಲ್ಲಿ ಹದಿನೈದು ದಿನದಿಂದ ಒಂದೇ ಚರ್ಚೆ. ಕಿರಿಮಗಳು ಗಂಗಾಶ್ರೀಯನ್ನು ಎಲ್ಲಿಗೆ ಕಳಿಸಬೇಕು? ಮದುವೆಯ ಮಾತಲ್ಲ ಮತ್ತೆ, ಓದಿನ ಮಾತು. ಹುಡುಗಿ ಹೆರಿಗೆ ಮಾಡಿಸುವ ನರ್ಸ್ ಆಗಲು ಓದುತ್ತಿದ್ದಾಳೆ. ಪುಸ್ತಕದ ಪಾಠ ಮುಗಿದಿದೆ, ಇನ್ನು ಆರು ತಿಂಗಳು ಆಸ್ಪತ್ರೆಯಲ್ಲಿ ನಿಂತು ಕಲಿಯಬೇಕು. ಕಾಲೇಜಿನವರು ಎರಡು ಜಾಗ ಹೇಳಿದ್ದಾರೆ. ಒಂದು, ಶಿಕಾರಿಪುರದ ಪುಟ್ಟ ನರ್ಸಿಂಗ್ ಹೋಮ್. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರಬಹುದು. ಇನ್ನೊಂದು, ದೂರದ ಜಿಲ್ಲಾ ಆಸ್ಪತ್ರೆ. ಅಲ್ಲಿ ಹಾಸ್ಟೆಲಿನಲ್ಲೇ ಇರಬೇಕು. ತಿಂಗಳ ಕೊನೆಯೊಳಗೆ ಫಾರಂನಲ್ಲಿ ಒಂದು ಹೆಸರು ಬರೆದು ಕೊಡಬೇಕು.

"ಶಿಕಾರಿಪುರ ಅಂತ ಬರಿ, ಮುಗೀತು," ಅಂದಳು ಅವ್ವ ನೀಲಾಂಬಿಕ. "ನಿಮ್ಮಕ್ಕ ಬಸುರಿ ಅದಾಳ. ಚೊಚ್ಚಲ ಹೆರಿಗೆಗೆ ತವರಿಗೇ ಬರ್ತಾಳ. ಮನ್ಯಾಗ ನರ್ಸ್ ಇಟ್ಕೊಂಡು ಮಂದಿ ಕೈಕಾಲು ಹಿಡೀಬೇಕೇನು?"

ಅಪ್ಪ ತಲೆಯಾಡಿಸಿದ. ಅವ್ವ ಮಾತಾಡುವಾಗ ಅವನದು ಅಷ್ಟೇ ಕೆಲಸ.

ಗಂಗಾಶ್ರೀಗೂ ಒಳಗೊಳಗೇ ಅದೇ ಬೇಕಿತ್ತು ಅನ್ನಿ. ಅವ್ವನ ಕೈರೊಟ್ಟಿ ಬಿಟ್ಟು ವಾರ ಇದ್ದವಳಲ್ಲ ಅವಳು. ಆದರೂ ನರ್ಸಿಂಗ್ ಹೋಮಿಗೆ ಹೋಗಿ ವಿಚಾರಿಸಿ ಬಂದಾಗಿನಿಂದ ಮನಸ್ಸು ಹೊಯ್ದಾಡುತ್ತಿತ್ತು. ತಿಂಗಳಿಗೆ ನಾಲ್ಕೈದು ಹೆರಿಗೆ, ಹೆಚ್ಚಿನವನ್ನು ಡಾಕ್ಟರೇ ಮಾಡಿಸುತ್ತಾರೆ, ನೀನು ಬಿಪಿ ನೋಡಿ ಬರೆದಿಡಬಹುದು ಎಂದು ಅಲ್ಲಿನ ಸಿಸ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಅಷ್ಟರಲ್ಲಿ ಅಕ್ಕ ರಕ್ಷಿತಾಳ ಕುಬಸ ಬಂತು. ಏಳನೇ ತಿಂಗಳಲ್ಲಿ ಗಂಡನ ಮನೆಗೆ ಹೋಗಿ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಮಗಳನ್ನು ತವರಿಗೆ ಕರೆತರುವ ಶಾಸ್ತ್ರ ಅದು. ಕರ್ಜಿಕಾಯಿ, ಚಕ್ಕುಲಿಯ ಬುಟ್ಟಿಗಳ ಸಮೇತ ಎಲ್ಲರೂ ಸೊರಬದ ಕಡೆಯ ಉಳವಿಗೆ ಹೋದರು. ಆರತಿ ಆಯಿತು, ಊಟ ಆಯಿತು, ಹೆಂಗಸರೆಲ್ಲ ಒಳಕೋಣೆಯಲ್ಲಿ ಕೂತರು. ಅವ್ವನಿಗೆ ಹೆಮ್ಮೆ ತಡೆಯಲಾಗಲಿಲ್ಲ.

"ನಮ್ಮ ಗಂಗಾ ಹೊಟ್ಟಿ ಮುಟ್ಟಿ ಕೂಸು ಹೆಂಗೈತಿ ಅಂತ ಹೇಳ್ತಾಳ, ನೋಡ್ರಿ!"

"ಹಂಗಾರೆ ಗಂಡೋ ಹೆಣ್ಣೋ ಹೇಳೇ," ಅಂದಳು ಪಕ್ಕದ ಮನೆಯ ಮಹಾರಾಯ್ತಿ.

"ಅದನ್ನ ಕೇಳಂಗೂ ಇಲ್ಲ, ಹೇಳಂಗೂ ಇಲ್ಲ. ಕಾನೂನು ಐತಿ," ಎಂದು ಗಂಗಾಶ್ರೀ ಗದರಿಸಿದಳು. ಅಲ್ಲಿವರೆಗೆ ಎಲ್ಲ ಸರಿಯಾಗೇ ಇತ್ತು.

ಅಕ್ಕನನ್ನು ಮಲಗಿಸಿ ಹೊಟ್ಟೆ ಮೇಲೆ ಕೈಯಿಟ್ಟಳು. ಕಾಲೇಜಿನ ರಬ್ಬರ್ ಬೊಂಬೆಯ ಹೊಟ್ಟೆಯನ್ನು ನೂರು ಸಲ ಮುಟ್ಟಿದ್ದ ಕೈ ಅದು. ಮೇಲೆ ಮುಟ್ಟಿದಳು, ಕೆಳಗೆ ಮುಟ್ಟಿದಳು. "ತಲಿ ಕೆಳಗೈತಿ, ಎಲ್ಲಾ ಸರಿ ಐತಿ," ಅಂದಳು. ಅವ್ವ ಸುತ್ತ ನೋಡಿ ಸೆರಗು ಸರಿಮಾಡಿಕೊಂಡಳು.

ಉಳವಿಯ ಆರೋಗ್ಯ ಕೇಂದ್ರದ ನರ್ಸ್ ಶಾಲಿನಿ ಅಲ್ಲೇ ಕೂತಿದ್ದರು. ತಿಂಗಳು ತಿಂಗಳು ರಕ್ಷಿತಾಳನ್ನು ತಪಾಸಣೆ ಮಾಡುತ್ತಿದ್ದವರು ಅವರೇ. ಎದ್ದು ಬಂದು ಗಂಗಾಶ್ರೀಯ ಕೈಹಿಡಿದು ಅಕ್ಕನ ಪಕ್ಕೆಲುಬಿನ ಕೆಳಗೆ ಇಟ್ಟರು.

"ಇಲ್ಲಿ ಮೆತ್ತಗೆ ಒತ್ತು. ಎಂತ ಸಿಗ್ತದೆ?"

"ಗಟ್ಟಿ... ಗುಂಡಗೆ..." ಗಂಗಾಶ್ರೀಯ ಮುಖ ಬಿಳಿಚಿತು. "ಅಯ್ಯೋ, ತಲಿ!"

"ಹೌದು ಮಾರಾಯ್ತಿ. ನೀ ಕೆಳಗೆ ಮುಟ್ಟಿದ್ದು ಮಗೀನ ಕುಂಡೆ."

ಹೆಂಗಸರು ಗೊಳ್ಳೆಂದು ನಕ್ಕರು. ನಗದವರು ಅವ್ವ, ಇಬ್ಬರು ಮಕ್ಕಳು ಅಷ್ಟೇ. ರಕ್ಷಿತಾ ಗಾಬರಿಯಿಂದ ಹೊಟ್ಟೆ ಹಿಡಿದುಕೊಂಡಳು. ಅವ್ವ ಶಾಲಿನಿಯ ಕಡೆ ತಿರುಗಿದಳು.

"ಹಿಂಗಾದ್ರ ಏನ್ ಗತಿ ರೀ?"

"ಈಗ ಹೆದರಬೇಡಿ. ಏಳನೇ ತಿಂಗಳಲ್ಲಿ ಸುಮಾರು ಮಕ್ಕಳು ಹಿಂಗೇ ಇರ್ತಾವೆ, ಆಮೇಲೆ ತಿರುಗ್ತಾವೆ. ಒಂಬತ್ತು ಬಿದ್ದ ಕೂಡ್ಲೇ ಡಾಕ್ಟರ್ ಹತ್ರ ತೋರ್ಸಿ. ಆದ್ರೆ ನೋವು ಶುರುವಾದಾಗ್ಲೂ ತಲೆ ಮೇಲಿದ್ದು, ನೋಡಿದವಳು ಕೆಳಗದೆ ಅಂದ್ಬಿಟ್ರೆ? ಆಸ್ಪತ್ರೆಗೆ ಹೋಗೋದು ತಡ ಆಗ್ತದೆ. ತಾಯಿ, ಮಗು ಇಬ್ಬರ ಜೀವಕ್ಕೂ ಕಷ್ಟ ರೀ."

ಗಂಗಾಶ್ರೀಯ ಕಣ್ಣು ತುಂಬಿತು. "ನಂಗಿದು ಬರಂಗಿಲ್ಲ ಬಿಡ್ರಿ. ನಾ ಓದೇ ಬಿಡ್ತೀನಿ."

"ಬರಲ್ಲ ಅಂದವರ್ಯಾರು? ಕೈ ಪಳಗಿಲ್ಲ ಅಷ್ಟೆ. ನಾ ಕಲೀವಾಗ ಎಷ್ಟು ಹೊಟ್ಟೆ ತಪ್ಪು ಹೇಳಿದೀನೋ ಲೆಕ್ಕ ಇಲ್ಲ. ಪ್ರತಿ ಸಲ ಹಿರಿ ಸಿಸ್ಟರ್ ಪಕ್ಕದಲ್ಲೇ ನಿಂತು ತಿದ್ದೋರು. ದಿನಾ ಹೆರಿಗೆ ಆಗೋ ಕಡೆ, ಹಿಂಗೆ ತಿದ್ದೋರು ಇರೋ ಕಡೆ ಹೋಗು."

"ಜಿಲ್ಲಾ ಆಸ್ಪತ್ರ್ಯಾಗ ಹಂಗೇ ಅಂತ. ಆದ್ರ..." ಗಂಗಾಶ್ರೀ ಅವ್ವನ ಮುಖ ನೋಡಿದಳು.

"ಹೆಣ್ಣುಹುಡುಗಿ, ಒಬ್ಬಾಕಿ, ಹಾಸ್ಟೆಲ್ಲು..." ಅವ್ವ ರಾಗ ಎಳೆದಳು.

"ಇಲ್ಲಿ ಕೂತು ಹೆದರೋ ಬದ್ಲು ಹೋಗಿ ನೋಡ್ಕಂಡು ಬನ್ನಿ ರೀ. ವಾರ್ಡನ್ ಇದಾರಾ, ರಾತ್ರಿ ಪಾಳಿ ಮುಗಿಸಿ ರೂಮಿಗೆ ಹೋಗಕ್ಕೆ ಜೊತೆ ಇರ್ತಾರಾ, ಕೇಳಿ. ಸರಿ ಇದ್ರೆ ಕಳ್ಸಿ."

ಮಂಗಳವಾರ ಅವ್ವ, ಅಪ್ಪ ಇಬ್ಬರೂ ಬಸ್ಸು ಹತ್ತಿದರು. ಅವ್ವ ಹಾಸ್ಟೆಲಿನ ಬಾಗಿಲ ಚಿಲಕ ಹಾಕಿ ತೆಗೆದು ನೋಡಿದಳು. ವಾರ್ಡನ್ನಮ್ಮನನ್ನು ಅರ್ಧ ಗಂಟೆ ಪ್ರಶ್ನೆ ಕೇಳಿ ಸುಸ್ತು ಮಾಡಿದಳು. ಅಡುಗೆಮನೆಯ ಸಾರಿಗೆ ಉಪ್ಪು ಕಮ್ಮಿ ಅಂತಲೂ ಹೇಳಿ ಬಂದಳಂತೆ! ಸಂಜೆ ಮನೆಗೆ ಬಂದವಳೇ ಫಾರಂ ತೆಗೆದು ಮಗಳ ಮುಂದಿಟ್ಟಳು.

"ಬರಿ. ದೂರದ್ದನ್ನೇ ಬರಿ."

"ಅಕ್ಕನ ಹೆರಿಗಿಗೆ ನಾ ಇರಂಗಿಲ್ಲಲ್ಲವ್ವ?"

"ಇರಬ್ಯಾಡ. ನನ್ನ ಮಗಳಿಗೆ ಕೈ ಪಳಗಿದಾಕಿ ಬೇಕು." ಅವ್ವ ಮೂಗು ಒರೆಸಿಕೊಂಡಳು. "ಊರಿಗೊಬ್ಬಾಕಿ ಅಂಥಾಕಿ ಬೇಕು. ಹೋಗಿ ಕಲ್ತು ಬಾ."

ಒಂಬತ್ತನೇ ತಿಂಗಳ ತಪಾಸಣೆಯಲ್ಲಿ ಕೂಸು ತಿರುಗಿತ್ತು. ಶಿಕಾರಿಪುರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ಷಿತಾ ಹೆತ್ತಳು. ಕೂಸನ್ನು ಒರೆಸಿ ಅವ್ವನ ಮಡಿಲಿಗೆ ಹಾಕಿದ ನರ್ಸ್ ಚಿಕ್ಕ ವಯಸ್ಸಿನವಳು, ಪರವೂರಿನವಳು.

"ಈ ಕೆಲಸ ಎಲ್ಲಿ ಕಲ್ತೆವ್ವಾ?" ಎಂದು ಅವ್ವ ಕೇಳಿದಳು.

"ಮನೆಯಿಂದ ತುಂಬಾ ದೂರ ಅಮ್ಮಾ. ಮೊದಲ ತಿಂಗಳು ನಮ್ಮಮ್ಮ ಫೋನಿನಲ್ಲಿ ಬರೀ ಅಳ್ತಿದ್ರು."

ಅವ್ವ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಕೇಳಿದಿರಲ್ಲ ತಾಯಂದಿರೇ, ಅಪ್ಪಂದಿರೇ? ನಿಮ್ಮ ಮನೆ ಹುಡುಗಿಯೂ ಹೆರಿಗೆ ಮಾಡಿಸಲು ಕಲಿಯುತ್ತಿದ್ದರೆ, ಜಾಗ ಎಷ್ಟು ಹತ್ತಿರ ಅನ್ನುವುದೊಂದನ್ನೇ ನೋಡಬೇಡಿ. ಅಲ್ಲಿ ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತವೆ, ಇವಳ ಕೈಗೆ ಕೆಲಸ ಕೊಡುತ್ತಾರಾ, ಪಕ್ಕದಲ್ಲಿ ನಿಂತು ತಿದ್ದುವವರು ಯಾರು ಎಂದು ಕೇಳಿ. ಉಳಿಯುವ ಜಾಗವನ್ನು ನೀವೇ ಹೋಗಿ ನೋಡಿ. ಬಸ್ಸು ಹತ್ತಿಸುವಾಗ ಅಳು ಬಂದರೆ ಅತ್ತುಬಿಡಿ, ಯಾರೂ ಏನೂ ಅನ್ನುವುದಿಲ್ಲ. ಆದರೆ ಕಳಿಸಿಕೊಡಿ. ಎಲ್ಲೋ ಒಬ್ಬ ತಾಯಿ ನಿಮ್ಮ ಮಗಳ ಕೈಯನ್ನು ನಂಬಿ ಮಲಗಲಿದ್ದಾಳೆ.